ನಗುವಿಗೂ ‘ನಕ್ಕೋ’ ಎನ್ನುವವರು

ಮಕ್ಕಳು ಆಡುತ್ತಾ ಕಲಿಯಬೇಕು, ನಗುತ್ತಾ ಕಲಿಯಬೇಕು ಎಂಬ ಮಾತನ್ನು ಈಗ ಯಾರೂ ಬಹಿರಂಗವಾಗಿ ಅಲ್ಲಗಳೆಯುವುದಿಲ್ಲ. ಜಯನಗರದಿಂದ ಬನಶಂಕರಿಯವರೆಗೆ ಯಾವ ರಸ್ತೆಯಲ್ಲಿ ನಡೆದರೂ ಟ್ಯೂಷನ್ ಕೇಂದ್ರಗಳ, ಪ್ಲೇಹೋಮ್‌ಗಳ, ಕಲಿಕೆಯ ಆ್ಯಪ್‌ಗಳ ಫಲಕಗಳು ಇದನ್ನೇ ಸಾರುತ್ತವೆ. ಫಲಕದ ಮೇಲಿನ ಮಗುವಿನ ಕೈಯಲ್ಲಿ ಟ್ಯಾಬ್ ಇರುತ್ತದೆ, ಮುಖದ ತುಂಬ ನಗು ಇರುತ್ತದೆ. ಆ ಮಗು ಯಾವುದಕ್ಕೆ ನಗುತ್ತಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಾವು ಕೇಳಬೇಕೆಂದಿರುವುದು ಅದನ್ನೇ. ಯಾವುದಕ್ಕೆ ನಗುತ್ತಿದೆ, ಯಾರ ಜೊತೆ ನಗುತ್ತಿದೆ, ಯಾವ ಭಾಷೆಯಲ್ಲಿ ನಗುತ್ತಿದೆ?

ಮಕ್ಕಳ ನಗುವಿನ ವಿಷಯದಲ್ಲಿ ನಮ್ಮ ನಡುವೆ ಎರಡು ಪಂಗಡಗಳಿವೆ. ಒಂದು, ನಗುವನ್ನು ಮಾರುವ ಪಂಗಡ. ಪಾಠವೆಂಬುದು ಕಹಿ ಗುಳಿಗೆ, ಅದನ್ನು ಬೆಲ್ಲದೊಳಗಿಟ್ಟು ನುಂಗಿಸಬೇಕು ಎಂಬುದು ಇವರ ಸಿದ್ಧಾಂತ. ಇನ್ನೊಂದು, ನಗುವನ್ನು ಹೊರಗಟ್ಟುವ ಪಂಗಡ. ತರಗತಿಯಲ್ಲಿ ನಕ್ಕವನು ಕೆಟ್ಟ, ಮೊಬೈಲಿನಲ್ಲಿ ಆಡಿದವನು ಪೂರಾ ಕೆಟ್ಟ ಎಂಬುದು ಇವರ ಸಿದ್ಧಾಂತ. ಮೇಲ್ನೋಟಕ್ಕೆ ಇವರು ಪರಸ್ಪರ ವಿರೋಧಿಗಳು. ಒಳಗೆ ಇಬ್ಬರದೂ ಒಂದೇ ನಂಬಿಕೆ: ನಗು ಬೇರೆ, ಕಲಿಕೆ ಬೇರೆ. ಒಬ್ಬರು ಅದನ್ನು ಮೇಲಿಂದ ಸವರುತ್ತಾರೆ, ಇನ್ನೊಬ್ಬರು ಕೆರೆದು ತೆಗೆಯುತ್ತಾರೆ. ಈ ನಂಬಿಕೆಯೇ ತಪ್ಪು ಎಂಬುದು ನಮ್ಮ ವಾದ.

ಮಾರುವವರ ಕಥೆಯನ್ನು ದಕ್ಷಿಣ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅದು ಕಣ್ಣೆದುರೇ ನಡೆದದ್ದು. 2011ರಲ್ಲಿ ಆರಂಭವಾಗಿ, ಬನ್ನೇರುಘಟ್ಟ ರಸ್ತೆಯಲ್ಲಿ ಕೇಂದ್ರ ಕಚೇರಿ ಮಾಡಿಕೊಂಡ ಬೈಜೂಸ್ ಸಂಸ್ಥೆ 2015ರಲ್ಲಿ ತನ್ನ ಆ್ಯಪನ್ನು ಹೊರತಂದಿತು. 2019ರಲ್ಲಿ ಆಟದ ಮೂಲಕ ಕಲಿಸುವ ಅಮೆರಿಕದ ಓಸ್ಮೋ ಕಂಪನಿಯನ್ನು 12 ಕೋಟಿ ಡಾಲರಿಗೆ ಕೊಂಡಿತು. ಅದೇ ವರ್ಷ ಡಿಸ್ನಿಯ ಪಾತ್ರಗಳನ್ನು ಪುಟಾಣಿಗಳ ಪಾಠದೊಳಕ್ಕೆ ತಂದಿತು. 2022ರಲ್ಲಿ ಅದರ ಬೆಲೆ 2,200 ಕೋಟಿ ಡಾಲರ್ ಎಂದು ಕಟ್ಟಲಾಗಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ 2,500 ನೌಕರರನ್ನು ಮನೆಗೆ ಕಳಿಸುವುದಾಗಿ ಹೇಳಿತು. ಡಿಸೆಂಬರಿನಲ್ಲಿ, ಪೋಷಕರಿಗೆ ಒತ್ತಾಯದಿಂದ ಕೋರ್ಸು ಮಾರಲಾಗುತ್ತಿದೆ ಎಂಬ ದೂರುಗಳ ಮೇಲೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಅದರ ಮುಖ್ಯಸ್ಥರಿಗೆ ಸಮನ್ಸ್ ನೀಡಿತು. 2024ರ ಜುಲೈನಲ್ಲಿ, ಸುಮಾರು 158 ಕೋಟಿ ರೂಪಾಯಿ ಬಾಕಿಗಾಗಿ ಕ್ರಿಕೆಟ್ ಮಂಡಳಿ ಹೂಡಿದ ಅರ್ಜಿಯ ಮೇಲೆ ಅದು ದಿವಾಳಿ ಪ್ರಕ್ರಿಯೆಗೆ ಒಳಗಾಯಿತು.

ಬಿದ್ದವರನ್ನು ತುಳಿಯುವ ಚಪಲ ನಮಗಿಲ್ಲ. ಕೆಲಸ ಕಳೆದುಕೊಂಡವರಲ್ಲಿ ನಮ್ಮ ನೆರೆಹೊರೆಯ ಹುಡುಗ ಹುಡುಗಿಯರೂ ಇರಬಹುದು. ಹಣದ ಲೆಕ್ಕವನ್ನು ನ್ಯಾಯಾಲಯಗಳು ನೋಡಿಕೊಳ್ಳಲಿ. ನಮ್ಮದು ಬೇರೆ ಲೆಕ್ಕ. ಬನ್ನೇರುಘಟ್ಟ ರಸ್ತೆಯ ಆ ಗಾಜಿನ ಕಟ್ಟಡಗಳಿಂದ ತಿಲಕ್‌ನಗರಕ್ಕಾಗಲಿ, ಗುರಪ್ಪನಪಾಳ್ಯಕ್ಕಾಗಲಿ ಆಟೋದಲ್ಲಿ ಹತ್ತು ಹದಿನೈದು ನಿಮಿಷದ ದಾರಿ. ಕ್ಯಾಲಿಫೋರ್ನಿಯಾದ ಕಾರ್ಟೂನು ಇಲಿಯನ್ನು ಪಾಠಕ್ಕೆ ಕರೆತರಲು ನಮ್ಮ ಉದ್ಯಮಕ್ಕೆ ಸಾಧ್ಯವಾಯಿತು. ಹತ್ತು ನಿಮಿಷದ ದಾರಿಯ ಗಲ್ಲಿಯಲ್ಲಿ ಮಕ್ಕಳು ಯಾವುದಕ್ಕೆ ಬಿದ್ದು ಬಿದ್ದು ನಗುತ್ತಾರೆ ಎಂದು ಕೇಳಿ ತಿಳಿಯುವುದು ಏಕೆ ಸಾಧ್ಯವಾಗಲಿಲ್ಲ?

ಯಾವುದೋ ಒಂದು ಕಂಪನಿಯ ಮಾತಲ್ಲ ಇದು. ಕಲಿಕೆಯ ಆಟವೆಂದು ಮಾರಾಟವಾಗುವ ಬಹುಪಾಲು ಸರಕನ್ನು ಬಿಚ್ಚಿ ನೋಡಿ. ತೆರೆಯ ಮೇಲೆ ಒಂದು ಪ್ರಶ್ನೆ, ಕೆಳಗೆ ನಾಲ್ಕು ಉತ್ತರ. ಸರಿಯಾದುದನ್ನು ಒತ್ತಿದರೆ ನಾಣ್ಯಗಳು ಸುರಿಯುತ್ತವೆ, ಕರಡಿ ಕುಣಿಯುತ್ತದೆ, ಚಪ್ಪಾಳೆ ಕೇಳಿಸುತ್ತದೆ. ತಪ್ಪಾದುದನ್ನು ಒತ್ತಿದರೆ ಕರಡಿ ಅಳುತ್ತದೆ. ಈಗ ಒಂದು ಪರೀಕ್ಷೆ ಮಾಡೋಣ. ಆ ಕರಡಿಯನ್ನು ಕಿತ್ತುಹಾಕಿ. ಪಾಠದಲ್ಲಿ ಏನಾದರೂ ಕಡಿಮೆಯಾಯಿತೇ? ಆಗಲಿಲ್ಲವಾದರೆ ಆ ನಗೆ ಪಾಠದ್ದಲ್ಲ, ಅಂಗಡಿಯವನದು. ಹಳೆಯ ಅಭ್ಯಾಸ ಪುಸ್ತಕದ ಲೆಕ್ಕಕ್ಕೆ ಗೆಜ್ಜೆ ಕಟ್ಟಿದ್ದಾರೆ, ಅಷ್ಟೇ.

ವಿದ್ವಾಂಸರ ಅಧ್ಯಯನಗಳೂ ಇದನ್ನೇ ಹೇಳುತ್ತವೆ. 1977ರಲ್ಲಿ ಅಮೆರಿಕದ ಕಪ್ಲಾನ್ ಮತ್ತು ಪ್ಯಾಸ್ಕೊ ಎಂಬ ಸಂಶೋಧಕರು 508 ವಿದ್ಯಾರ್ಥಿಗಳಿಗೆ ಉಪನ್ಯಾಸ ಕೇಳಿಸಿದರು. ಕೆಲವು ಉಪನ್ಯಾಸಗಳಲ್ಲಿ ಹಾಸ್ಯ ಇರಲಿಲ್ಲ. ಕೆಲವದರಲ್ಲಿ ಪಾಠಕ್ಕೆ ಸಂಬಂಧವಿಲ್ಲದ ಹಾಸ್ಯವಿತ್ತು. ಮತ್ತೆ ಕೆಲವದರಲ್ಲಿ ಪಾಠದ ಪರಿಕಲ್ಪನೆಯನ್ನೇ ವಿವರಿಸುವ ಹಾಸ್ಯವಿತ್ತು. ಉಪನ್ಯಾಸ ಮುಗಿದ ಕೂಡಲೇ ಪರೀಕ್ಷಿಸಿದಾಗ ವ್ಯತ್ಯಾಸ ಕಾಣಲಿಲ್ಲ. ಆರು ವಾರಗಳ ನಂತರ ಮತ್ತೆ ಕೇಳಿದಾಗ, ಪರಿಕಲ್ಪನೆಯನ್ನು ನಗೆಯ ಉದಾಹರಣೆಯಿಂದಲೇ ತಿಳಿದವರಿಗೆ ಆ ಅಂಶಗಳು ಹೆಚ್ಚು ನೆನಪಿದ್ದವು. ಇಸ್ರೇಲಿನ ಅವ್ನರ್ ಝಿವ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಇಡೀ ಸೆಮಿಸ್ಟರ್ ಸಂಖ್ಯಾಶಾಸ್ತ್ರವನ್ನು ಪಾಠಕ್ಕೆ ಹೊಂದುವ ಹಾಸ್ಯದೊಂದಿಗೆ ಕಲಿತವರು ಪರೀಕ್ಷೆಯಲ್ಲಿ ಮುಂದಿದ್ದರು. ಕೆನಡಾದ ಕ್ಲೇರ್ ಡಾರ್ಮನ್ ಮತ್ತು ರಾಬರ್ಟ್ ಬಿಡಲ್ 2006ರಲ್ಲಿ ಡಿಜಿಟಲ್ ಆಟಗಳ ಕುರಿತೇ ಬರೆದರು. ಆಟದ ಹಾಸ್ಯ ಬರಿಯ ಮನರಂಜನೆಯಲ್ಲ, ಅದು ಬುದ್ಧಿ, ಭಾವನೆ, ಒಡನಾಟ ಮೂರಕ್ಕೂ ಕೆಲಸ ಕೊಡಬಲ್ಲದು ಎಂಬುದು ಅವರ ನಿಲುವು.

ಇದರ ಗುಟ್ಟು ದೊಡ್ಡದೇನಲ್ಲ. ರಷ್ಯದ ಮಕ್ಕಳ ಸಾಹಿತಿ ಕೊರ್ನೇಯ್ ಚುಕೊವ್‌ಸ್ಕಿಯ ಮಗಳು ಎರಡು ವರ್ಷ ತುಂಬುವ ಮೊದಲೇ ಒಂದು ದಿನ ತಂದೆಯ ಬಳಿ ಬಂದು, ನಾಯಿ ಮಿಯಾಂವ್ ಎನ್ನುತ್ತದೆ ಎಂದು ಹೇಳಿ ನಕ್ಕಳಂತೆ. ನಾಯಿ ಬೊಗಳುತ್ತದೆ ಎಂದು ಖಚಿತವಾಗಿ ಗೊತ್ತಿರುವ ಮಗು ಮಾತ್ರ ಹೀಗೆ ನಗಬಲ್ಲದು. ಸರಿಯಾದದ್ದು ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಾಗ ತಪ್ಪಾದದ್ದು ತಮಾಷೆಯಾಗುತ್ತದೆ. ನಮ್ಮ ನಾ. ಕಸ್ತೂರಿಯವರ ‘ಅನರ್ಥಕೋಶ’ವನ್ನೇ ನೋಡಿ. ಪದದ ನಿಜವಾದ ಅರ್ಥ ಗೊತ್ತಿಲ್ಲದವನಿಗೆ ಆ ಕೋಶ ಬರೀ ಕಾಗದ. ನಗಬೇಕಾದರೆ ಅರ್ಥ ಗೊತ್ತಿರಬೇಕು. ಗೊತ್ತಿಲ್ಲದವನು ನಗುವ ಆಸೆಗಾದರೂ ಅರ್ಥ ಹುಡುಕುತ್ತಾನೆ. ಒಗಟು, ಪಹೇಲಿಗಳು ಇನ್ನೇನು? ಆಟ, ನಗೆ, ಪಾಠ ಮೂರೂ ಒಂದೇ ಕ್ಷಣದಲ್ಲಿ ಬಿಚ್ಚಿಕೊಳ್ಳುತ್ತವೆ. ಅಜ್ಜಿಯರು ಇದನ್ನು ಯಾವ ವಿಶ್ವವಿದ್ಯಾಲಯದಲ್ಲೂ ಕಲಿಯಲಿಲ್ಲ.

ಕಂಪ್ಯೂಟರಿನಲ್ಲಿ ಇದು ಆಗದೆಂದು ತಿಳಿಯಬೇಡಿ. 1990ರಲ್ಲಿ ಬಂದ ‘ದಿ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್’ ಎಂಬ ಆಟದಲ್ಲಿ ಕಡಲ್ಗಳ್ಳರ ಕತ್ತಿವರಸೆ ಇದೆ. ಗೆಲ್ಲುವುದು ಕತ್ತಿಯಿಂದಲ್ಲ, ಮಾತಿನಿಂದ. ಎದುರಾಳಿ ಹಂಗಿಸುತ್ತಾನೆ, ಅದಕ್ಕೆ ತಕ್ಕ ಜವಾಬು ಕೊಡಬೇಕು. ಜವಾಬು ಗೊತ್ತಿಲ್ಲದಿದ್ದರೆ ಸೋಲುತ್ತೀರಿ, ಸೋಲುತ್ತಲೇ ಹೊಸ ಮಾತು ಕಲಿಯುತ್ತೀರಿ, ಮುಂದಿನ ಎದುರಾಳಿಯ ಮೇಲೆ ಅದನ್ನು ಪ್ರಯೋಗಿಸುತ್ತೀರಿ. ಉರ್ದುವಿನಲ್ಲಿ ಇದಕ್ಕೆ ಹಾಜಿರ್ ಜವಾಬಿ ಎನ್ನುತ್ತೇವೆ. ಅಲ್ಲಿ ನಗೆಯನ್ನು ಕಿತ್ತರೆ ಆಟವೇ ಉಳಿಯುವುದಿಲ್ಲ. ನಮ್ಮ ಮಕ್ಕಳಿಗೆ ಇಂಥದೊಂದನ್ನು ಮಾಡುವುದು ಅಸಾಧ್ಯವೇ? ಜಯನಗರ ನಾಲ್ಕನೇ ಬ್ಲಾಕಿನ ಮಾರುಕಟ್ಟೆಯಲ್ಲಿ ಒಬ್ಬ ಜಂಬದ ಹಣ್ಣಿನ ಚಾಚಾ ಇದ್ದಾನೆಂದು ಇಟ್ಟುಕೊಳ್ಳಿ. ತನ್ನ ಲೆಕ್ಕ ಎಂದೂ ತಪ್ಪುವುದಿಲ್ಲ ಎಂದು ಎದೆ ತಟ್ಟಿಕೊಳ್ಳುತ್ತಾನೆ. ಹದಿನೆಂಟು ರೂಪಾಯಿಯ ಮೂರು ಹಣ್ಣಿಗೆ ಅರವತ್ತನಾಲ್ಕು ಎನ್ನುತ್ತಾನೆ. ಹಿಡಿದ ಮಗುವಿಗೆ ಚಾಚಾನ ಮುಖ ನೋಡಿ ನಗು ಬರುತ್ತದೆ, ಹಿಡಿಯದ ಮಗು ಹತ್ತು ರೂಪಾಯಿ ಕಳೆದುಕೊಳ್ಳುತ್ತದೆ. ಅಲ್ಲಿ ಕರಡಿ ಕುಣಿಯಬೇಕಾಗಿಲ್ಲ. ಗುಣಾಕಾರವೇ ನಗಿಸುತ್ತದೆ.

ಇನ್ನು ಯಾರ ಜೊತೆ ನಗುವುದು ಎಂಬ ಪ್ರಶ್ನೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಪ್ರೊವೈನ್, ಮನುಷ್ಯ ಒಂಟಿಯಾಗಿರುವಾಗ ನಗುವುದಕ್ಕಿಂತ ಜೊತೆಯಲ್ಲಿರುವಾಗ ಸುಮಾರು ಮೂವತ್ತು ಪಟ್ಟು ಹೆಚ್ಚು ನಗುತ್ತಾನೆ ಎಂದು ಲೆಕ್ಕ ಹಾಕಿದ್ದರು. ಹಾಗಾದರೆ ಮಗುವಿಗೊಂದು ಟ್ಯಾಬ್, ಕಿವಿಗೆ ಹೆಡ್‌ಫೋನ್, ಮೂಲೆಗೊಂದು ಕುರ್ಚಿ ಎಂಬ ವ್ಯಾಪಾರ ನಗುವನ್ನು ಹೆಚ್ಚಿಸುತ್ತದೆಯೋ ಕೊಲ್ಲುತ್ತದೆಯೋ? ತಲೆಗೊಂದು ಸಾಧನ ಮಾರಿದರೆ ಮಾರುವವನಿಗೆ ಲಾಭ. ಆ ಲಾಭಕ್ಕೆ ಶಿಕ್ಷಣಶಾಸ್ತ್ರದ ಹೆಸರು ಕೊಡಲಾಗಿದೆ.

ಇದಕ್ಕೆ ಉತ್ತರ ನಮ್ಮ ಊರಿನಲ್ಲೇ ಸಿಕ್ಕಿತ್ತು. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದ ಉದಯ್ ಪವಾರ್, ಜೊಯೊಜೀತ್ ಪಾಲ್, ಕೆಂಟಾರೊ ಟೊಯಾಮಾ ಮುಂತಾದವರು ಬಡ ಶಾಲೆಗಳಲ್ಲಿ ಒಂದು ಕಂಪ್ಯೂಟರಿನ ಸುತ್ತ ಗುಂಪು ಮಕ್ಕಳು ಮುಗಿಬೀಳುವುದನ್ನು, ಮೌಸ್ ಮಾತ್ರ ಒಬ್ಬನ ಕೈಯಲ್ಲೇ ಉಳಿಯುವುದನ್ನು ಕಂಡರು. ಒಂದೇ ಕಂಪ್ಯೂಟರಿಗೆ ಐದು ಮೌಸ್ ಜೋಡಿಸಿದರು. 238 ಗ್ರಾಮೀಣ ಮಕ್ಕಳೊಂದಿಗೆ ಇಂಗ್ಲಿಷ್ ಪದಗಳ ಆಟ ಆಡಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಐವರು ಹಂಚಿಕೊಂಡು ಕಲಿತದ್ದು, ಒಂಟಿಯಾಗಿ ಒಂದು ಯಂತ್ರ ಪಡೆದ ಮಗು ಕಲಿತದ್ದಕ್ಕೆ ಒಟ್ಟಾರೆ ಸಮನಾಗಿತ್ತು. ಆಟವನ್ನು ಪೈಪೋಟಿಯಾಗಿ ರೂಪಿಸಿದರೆ ಒಂದು ಫಲ, ಎಲ್ಲರೂ ಸೇರಿ ಆಡುವಂತೆ ರೂಪಿಸಿದರೆ ಇನ್ನೊಂದು ಫಲ. ಈ ಬದಲಾವಣೆಗೆ ಹುಡುಗರ ಕಲಿಕೆ ಏರುಪೇರಾಯಿತು, ಹುಡುಗಿಯರು ಯಾವ ಬಗೆಯಲ್ಲಾದರೂ ಒಂದೇ ಸಮ ಕಲಿತರು. ನಮ್ಮ ಹೆಣ್ಣುಮಕ್ಕಳ ಕೈಗೆ ಮೌಸ್ ಕೊಡಲು ಹಿಂಜರಿಯುವ ಹಿರಿಯರು ಈ ಸಾಲನ್ನು ಎರಡು ಸಲ ಓದಬೇಕು. 2009ರಲ್ಲಿ ಮ್ಯಾಥ್ಯೂ ಕಾಮ್ ಮತ್ತು ಸಂಗಡಿಗರು ಉತ್ತರ ಹಾಗೂ ದಕ್ಷಿಣ ಭಾರತದ ಮೂರು ಸಮುದಾಯಗಳ ಮಕ್ಕಳ 28 ಸಾಂಪ್ರದಾಯಿಕ ಆಟಗಳನ್ನು ಅಧ್ಯಯನ ಮಾಡಿದರು. ಅದಕ್ಕೆ ಕಾರಣವಿತ್ತು. ಹೊರಗಿನ ಮಾದರಿಯ ಡಿಜಿಟಲ್ ಆಟಗಳು ಈ ಮಕ್ಕಳಿಗೆ ಆಟವೆಂದು ಅನಿಸುತ್ತಲೇ ಇರಲಿಲ್ಲ. ಲಗೋರಿಯಲ್ಲಿ, ಚಿನ್ನಿದಾಂಡಿನಲ್ಲಿ ಕೂಗು, ಕೀಟಲೆ, ಜಗಳ, ರಾಜಿ ಎಲ್ಲವೂ ಇರುತ್ತವೆ. ಮೂಲೆಯ ಕುರ್ಚಿಯಲ್ಲಿ ಕೂತು ಆಡುವ ಆಟದಲ್ಲಿ ಅವಕ್ಕೆಲ್ಲಿ ಜಾಗ?

ಯಂತ್ರವನ್ನು ನಂಬಿ ಗುರುವನ್ನು ಮರೆಯುವ ತಪ್ಪಿಗೂ ಇಲ್ಲಿಯೇ ಎಚ್ಚರಿಕೆಯ ಗಂಟೆ ಬಾರಿಸಿತ್ತು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ಫೌಂಡೇಶನ್ 2000ದ ದಶಕದಲ್ಲಿ ಸಾವಿರಾರು ಸರ್ಕಾರಿ ಶಾಲೆಗಳಿಗೆ ಕಂಪ್ಯೂಟರ್ ಕಲಿಕೆಯನ್ನು ಒಯ್ದಿತು, ಹಲವು ಭಾರತೀಯ ಭಾಷೆಗಳಲ್ಲಿ ಸಿ.ಡಿ.ಗಳನ್ನು ಮಾಡಿತು. ಅದೇ ಫೌಂಡೇಶನ್ನಿನ ಅನುರಾಗ್ ಬೆಹರ್ 2010ರಲ್ಲಿ ಬರೆದರು: ಶಿಕ್ಷಣದ ನಿಜವಾದ ಸಮಸ್ಯೆಗಳಿಂದ ಈ ಮೋಹ ನಮ್ಮ ಗಮನ ತಪ್ಪಿಸುತ್ತದೆ, ಶಿಕ್ಷಕರ ಬದಲಿಗೆ ಯಂತ್ರ ಸಾಕು ಎಂಬ ಯೋಚನೆಯಂತೂ ಮಾರಕ. ಲೋಕಕ್ಕೆ ಸಾಫ್ಟ್‌ವೇರ್ ಮಾರಿದವರ ಬಳಗದಿಂದಲೇ ಬಂದ ಈ ಮಾತನ್ನು ಆಮೇಲಿನ ಹತ್ತು ವರ್ಷದ ವ್ಯಾಪಾರ ಕಿವಿಗೆ ಹಾಕಿಕೊಳ್ಳಲಿಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಮನೆಯ ಒಂದೇ ಫೋನಿಗೆ ಮೂವರು ಮಕ್ಕಳು ಕಾದರು. ಆಗ ‘ವಿದ್ಯಾಗಮ’ದ ಹೆಸರಿನಲ್ಲಿ ಕಟ್ಟೆಗೆ, ಅಂಗಳಕ್ಕೆ ಬಂದು ಕಲಿಸಿದವರು ಸರ್ಕಾರಿ ಶಾಲೆಯ ಮೇಷ್ಟ್ರು, ಮೇಡಂಗಳು.

ಮೂರನೆಯ ಪ್ರಶ್ನೆ ನಮಗೆ ಹೆಚ್ಚು ಹತ್ತಿರದ್ದು: ಯಾವ ಭಾಷೆಯಲ್ಲಿ, ಯಾರನ್ನು ನೋಡಿ ನಗುವುದು? 2000ದಲ್ಲಿ ಜೇನ್ಸ್ ಮತ್ತು ಓಲ್ಸನ್ ಎಂಬ ಕೆನಡಾದ ಸಂಶೋಧಕರು ಒಂದು ಕಟು ಸತ್ಯವನ್ನು ತೋರಿಸಿದರು. ಇನ್ನೊಬ್ಬನನ್ನು ಗೇಲಿ ಮಾಡುವುದನ್ನು ಬರೀ ನೋಡಿದವರು ಕೂಡ ಎಲ್ಲರಂತೆ ನಡೆಯಲು ತವಕಿಸುತ್ತಾರೆ, ಸೋಲಿಗೆ ಹೆದರುತ್ತಾರೆ. ಗೇಲಿಯೂ ಪಾಠ ಕಲಿಸುತ್ತದೆ, ಅಂಜಿಕೆಯ ಪಾಠ. ನಮ್ಮ ಮಕ್ಕಳಿಗೆ ಈ ಪಾಠ ಬೇಕಾದಷ್ಟಾಗಿದೆ. ಕನ್ನಡ ಸಿನಿಮಾದಲ್ಲಿ, ನಾಟಕದಲ್ಲಿ, ಮಿಮಿಕ್ರಿಯಲ್ಲಿ ‘ಸಾಬರ ಕನ್ನಡ’ ಎಂಬುದು ಎಷ್ಟು ಕಾಲದಿಂದ ಅಗ್ಗದ ನಗೆಯ ಸರಕಾಗಿದೆ! ಡಿಜಿಟಲ್ ಆಟಗಳಲ್ಲಿ ಇನ್ನೊಂದು ಬಗೆ. ಪ್ರಾಗ್ ನಗರದ ವಿದ್ವಾಂಸ ವಿಟ್ ಶಿಸ್ಲರ್ 2008ರಲ್ಲಿ ಬರೆದಂತೆ ಪಾಶ್ಚಾತ್ಯ ಆಟಗಳಲ್ಲಿ ಅರಬ, ಮುಸ್ಲಿಂ ಎಂದರೆ ಹೆಚ್ಚಾಗಿ ಗುಂಡಿಗೆ ಗುರಿಯಾಗುವ ಶತ್ರು. ಉರ್ದು ಮನೆಮಾತಿನ ಮಗು ಒಂದೆಡೆ ಮಾತಿಗಾಗಿ ಗೇಲಿಗೊಳಗಾಗುತ್ತದೆ, ಇನ್ನೊಂದೆಡೆ ತೆರೆಯ ಮೇಲೆ ತನ್ನಂಥ ಹೆಸರಿನವನನ್ನೇ ಸುಟ್ಟು ಅಂಕ ಗಳಿಸುತ್ತದೆ. ಇದಾದ ಮೇಲೆ ತರಗತಿಯಲ್ಲಿ ಕೈಯೆತ್ತಿ ತಪ್ಪು ಉತ್ತರ ಹೇಳುವ ಧೈರ್ಯ ಅದಕ್ಕೆಲ್ಲಿಂದ ಬರಬೇಕು? ತಪ್ಪು ಉತ್ತರ ಹೇಳದೆ ಯಾರು ಕಲಿತಿದ್ದಾರೆ?

ಅಲಿಫ್ ಬೇಯಿಂದ ಅಕ್ಷರಾಭ್ಯಾಸ ಮಾಡಿ ಕನ್ನಡದಲ್ಲಿ ಕಥೆ ಬರೆಯುವ ನಮಗೆ ಈ ಮಕ್ಕಳ ನಾಲಿಗೆಯ ಸಿರಿವಂತಿಕೆ ಗೊತ್ತು. ಇವರು ದಖ್ಖನಿ, ಕನ್ನಡ, ಜೊತೆಗೆ ತಮಿಳು, ಇಂಗ್ಲಿಷುಗಳ ನಡುವೆ ಓಡಾಡುವವರು. ಉರ್ದುವಿನ ‘ಆಠ್’ ಕನ್ನಡದ ಕಿವಿಗೆ ‘ಆಟ’. ಕನ್ನಡದ ‘ನೂರು’ ಉರ್ದುವಿನ ಕಿವಿಗೆ ‘ನೂರ್’. ‘ಔರ್ ದೋ’ ಎಂದರೆ ಇನ್ನಷ್ಟು ಕೊಡು ಎಂದೂ ಆಗುತ್ತದೆ, ಇನ್ನೆರಡು ಎಂದೂ ಆಗುತ್ತದೆ. ದಖ್ಖನಿಯಲ್ಲಿ ‘ನಕ್ಕೋ’ ಎಂದರೆ ಬೇಡ, ಕನ್ನಡದಲ್ಲಿ ‘ನಕ್ಕೋ’ ಎಂದರೆ ಬೇಕಾದಷ್ಟು ನಗು. ಯಾಸೀನನೂ ಯಲ್ಲಪ್ಪನೂ ಒಂದೇ ತೆರೆಯ ಮುಂದೆ ಕೂತು ಈ ಒಂದು ಪದಕ್ಕೆ ನಕ್ಕರೆ ಇಬ್ಬರೂ ಇನ್ನೊಂದು ಭಾಷೆಯನ್ನು ಕಲಿತಂತೆಯೇ. ಗುಲ್ಬರ್ಗಾದ ಸುಲೈಮಾನ್ ಖತೀಬರು ದಖ್ಖನಿಯಲ್ಲಿ ಹಾಸ್ಯ ಕಾವ್ಯ ಕಟ್ಟಿದರು. ಚಿಂಚೋಳಿಯಲ್ಲಿ ಹುಟ್ಟಿದ ಮುಜ್ತಬಾ ಹುಸೇನ್ ಉರ್ದುವಿನ ಹಾಸ್ಯಗದ್ಯಕ್ಕೆ ಪದ್ಮಶ್ರೀ ತಂದರು. ರಾಶಿಯವರ ‘ಕೊರವಂಜಿ’ 1942ರಿಂದ ಕಾಲು ಶತಮಾನ ಕನ್ನಡಿಗರನ್ನು ನಗಿಸಿತು. ಬೀಚಿ ಕನ್ನಡದ ಮನೆಮಾತಾದರು. ಇಷ್ಟೆಲ್ಲ ಬೀಜವಿರುವ ನೆಲದಲ್ಲಿ ಮಕ್ಕಳಿಗೆ ಆಮದು ಕರಡಿಯ ಕುಣಿತವೇ ಗತಿಯೇ?

ಇನ್ನು ನಗುವನ್ನು ಹೊರಗಟ್ಟುವ ನಮ್ಮವರಿಗೆ ಎರಡು ಮಾತು. ಮೊಬೈಲ್ ಆಟದ ಚಟ ಸುಳ್ಳಲ್ಲ. ನಿಮ್ಹಾನ್ಸ್ ಸಂಸ್ಥೆ 2014ರಲ್ಲಿ ತಂತ್ರಜ್ಞಾನದ ಗೀಳಿಗೆಂದೇ ‘ಶಟ್’ ಕ್ಲಿನಿಕ್ ತೆರೆದದ್ದು ನಮ್ಮ ಬಿಟಿಎಂ ಲೇಔಟಿನಲ್ಲಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಹಣ ಕಟ್ಟಿ ಆಡುವ ಆಟಗಳು ಮನೆಗಳನ್ನು ಮುರಿದಿವೆ. 2025ರಲ್ಲಿ ಸಂಸತ್ತು ಅವುಗಳನ್ನು ನಿಷೇಧಿಸುವ ಕಾನೂನು ಮಾಡಿತು. ಆದರೆ ಅದೇ ಕಾನೂನು ಮನರಂಜನೆ, ಶಿಕ್ಷಣದ ಆಟಗಳನ್ನು ಬೇರೆಯಾಗಿ ಗುರುತಿಸಿದೆ ಎಂಬುದನ್ನು ಮರೆಯಬಾರದು. ಜೂಜನ್ನೂ ಒಗಟನ್ನೂ ಒಂದೇ ಗೋಣಿಗೆ ತುಂಬುವುದು ವಿವೇಕವಲ್ಲ.

ಧರ್ಮದ ಹೆಸರಿನಲ್ಲಿ ಮುಖ ಗಂಟಿಕ್ಕುವವರಿಗೆ ಧರ್ಮದಿಂದಲೇ ಉತ್ತರವಿದೆ. ಅಬೂ ಉಮೈರ್ ಎಂಬ ಪುಟ್ಟ ಹುಡುಗನ ಹಕ್ಕಿ, ನುಘೈರ್, ಸತ್ತು ಅವನು ಸಪ್ಪಗಿದ್ದಾಗ ಪ್ರವಾದಿ(ಸ)ಯವರು ಅವನ ಹೆಸರಿಗೂ ಹಕ್ಕಿಯ ಹೆಸರಿಗೂ ಪ್ರಾಸ ಕೂಡಿಸಿ ಹಾಸ್ಯದಿಂದ ಮಾತನಾಡಿಸಿದ್ದು ಬುಖಾರಿಯಲ್ಲಿದೆ. ಒಂದು ಮಗುವಿನೊಂದಿಗಿನ ಆ ಒಂದು ಸಾಲಿನ ವಿನೋದದಿಂದ ಇಬ್ನುಲ್ ಕಾಸ್ ಎಂಬ ವಿದ್ವಾಂಸರು ಅರವತ್ತರಷ್ಟು ಪಾಠಗಳನ್ನು ಹೆಕ್ಕಿ ಗ್ರಂಥ ಬರೆದರು. ಬಸ್ರಾದ ಜಾಹಿಝ್ ಒಂಬತ್ತನೇ ಶತಮಾನದಲ್ಲೇ ಗಂಭೀರವನ್ನೂ ವಿನೋದವನ್ನೂ ಬೆರೆಸಿ ಬರೆಯಬೇಕೆಂದು ವಾದಿಸಿದರು, ಜಿಪುಣರ ಕುರಿತ ಇಡೀ ಪುಸ್ತಕದಿಂದ ಅದನ್ನು ಮಾಡಿಯೂ ತೋರಿಸಿದರು. ಇಮಾಮ್ ಗಝಾಲಿಯವರು ‘ಇಹ್ಯಾ’ದಲ್ಲಿ, ಮಕ್ತಬ್ ಮುಗಿಸಿ ಬಂದ ಮಗುವಿಗೆ ಆಡಲು ಬಿಡಬೇಕು, ಆಟ ತಡೆದು ಸದಾ ಓದಿಗೆ ಹಚ್ಚಿದರೆ ಅದರ ಹೃದಯ ಸಾಯುತ್ತದೆ, ಬುದ್ಧಿ ಮಂಕಾಗುತ್ತದೆ, ಓದಿನಿಂದಲೇ ತಪ್ಪಿಸಿಕೊಳ್ಳುವ ಉಪಾಯ ಹುಡುಕುತ್ತದೆ ಎಂಬರ್ಥದಲ್ಲಿ ಬರೆದಿದ್ದಾರೆ. ಬೆತ್ತ ಹಿಡಿದು ಮಕ್ಕಳ ನಗೆ ನಿಲ್ಲಿಸುವ ಮೌಲ್ವಿಗಳೂ ಮೇಷ್ಟ್ರುಗಳೂ ಈ ಹಿರಿಯರಿಗಿಂತ ಹೆಚ್ಚು ತಿಳಿದವರೇ?

ನಮ್ಮ ಬೇಡಿಕೆಗಳು ಸರಳ. ಕರ್ನಾಟಕ 2012ರಲ್ಲಿ ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆ ನೀತಿ ಮಾಡಿತು, 2024ರಲ್ಲಿ ಐದು ವರ್ಷಗಳ ಹೊಸ ನೀತಿ ತಂದಿತು. ಅಲ್ಲಿ ಉದ್ಯೋಗ, ರಫ್ತುಗಳ ಮಾತಿದೆ, ಸಂತೋಷ. ಆ ಹಣದಲ್ಲಿ ಒಂದು ಪಾಲು ಕನ್ನಡ ಮತ್ತು ಉರ್ದು ಶಾಲೆಗಳ ಮಕ್ಕಳಿಗಾಗಿ, ಅವರ ಮಾತಿನಲ್ಲೇ, ಹಲವರು ಸೇರಿ ಆಡುವ, ಯಾವ ಶಾಲೆಯಾದರೂ ಬಿಡಿಗಾಸಿಲ್ಲದೆ ಬಳಸಬಹುದಾದ ಆಟಗಳಿಗೆ ಮೀಸಲಾಗಲಿ. ಆಟ ಬರೆಯುವ ಕೋಣೆಯಲ್ಲಿ ಎಂಜಿನಿಯರ್ ಒಬ್ಬನೇ ಕೂರದಿರಲಿ. ಹಾಸ್ಯ ಲೇಖಕರು, ಸರ್ಕಾರಿ ಶಾಲೆಯ ಶಿಕ್ಷಕಿಯರು, ಒ೦ದಿಬ್ಬರು ಅಜ್ಜಿಯರೂ ಕೂರಲಿ. ಉರ್ದು ಅಕಾಡೆಮಿಯೂ ಕನ್ನಡದ ಸಂಸ್ಥೆಗಳೂ ಮುಷಾಯಿರಾ, ಕವಿಗೋಷ್ಠಿಗಳಿಗೆ ಕೊಡುವ ಗಮನದಲ್ಲಿ ಹತ್ತರಲ್ಲೊಂದು ಪಾಲನ್ನಾದರೂ ಇದಕ್ಕೆ ಕೊಡಲಿ. ಬಾಗಿಲಿಗೆ ಬಂದು ಆ್ಯಪ್ ಮಾರುವವನಿಗೆ ತಂದೆ ತಾಯಂದಿರು ಒಂದೇ ಪ್ರಶ್ನೆ ಕೇಳಲಿ: ಆ ಕುಣಿಯುವ ಕರಡಿಯನ್ನು ತೆಗೆದರೆ ಇದರಲ್ಲಿ ಏನು ಉಳಿಯುತ್ತದೆ? ಅವನು ಉತ್ತರ ಹೇಳುವ ತನಕ ಕಂತಿನ ಕಾಗದಕ್ಕೆ ಯಾರೂ ಸಹಿ ಹಾಕದಿರಲಿ.